ಕೂಗಿಲ್ಲದ ಏಲಂ

ಉಪ್ಪಳ ಪೇಟೆಯ ಚಪ್ಪಲಿ ಅಂಗಡಿಯ ಮಾಳಿಗೆಗೆ
ಹನ್ನೊಂದು ಮೆಟ್ಟಿಲು ಹತ್ತಿದರೆ ನನ್ನ ಟಿಕೇಟಿನ ಮೇಜು.
ಬಂದಿಯೋಡಿನ ಮಮ್ಮುಂಞಿಕ್ಕ ಹತ್ತುವಾಗ
ಏಳನೆಯದರಲ್ಲಿ ನಿಂತರು, ಸೊಂಟಕ್ಕೆ ಕೈ ಕೊಟ್ಟು,
ಹಿಂದೆ ಯಾರೋ ಬರಲಿಕ್ಕಿದೆ ಎಂಬ ಹಾಗೆ.

ಇಪ್ಪತ್ತಾರು ವರ್ಷ ದೋಹಾದ ಬೇಕರಿಯಲ್ಲಿ
ಒಲೆಗೆ ಬಗ್ಗಿ ಬಗ್ಗಿ ರೊಟ್ಟಿ ತೆಗೆದ ಸೊಂಟ.
ಈಗ ವೀಸಾ ಕ್ಯಾನ್ಸಲ್ ಮಾಡಿಸಿ, ಬರಬೇಕಾದ್ದನ್ನು ವಸೂಲು ಮಾಡಿ
ಬರಲಿಕ್ಕೆ ಹೋಗುವುದು. ಕೊನೆಯ ಸಲ.
"ಇದೆಂತ ಬಂದಿದೆ ನೋಡು ಮಗಳೇ" ಎಂದು ಮೊಬೈಲ್ ಚಾಚಿದರು.

ವಿಮಾನದವರ ಮೇಲ್.
ಮುಂದಿನ ಭಾಗದಲ್ಲಿ ಮಲಗಿಕೊಂಡು ಹೋಗುವ ಸೀಟಿಗೆ
ನಿಮ್ಮ ಬೆಲೆ ನೀವೇ ಹೇಳಿ.
ಕೆಳಗೊಂದು ಗೆರೆ, ಗೆರೆಯ ಮೇಲೊಂದು ಗುಂಡು.
ಎಡಕ್ಕೆ ಎಳೆದರೆ ಕೆಂಪು, ಸಿಗುವುದು ಕಷ್ಟ.
ಬಲಕ್ಕೆ ಎಳೆದರೆ ಹಸಿರು, ಸಿಕ್ಕರೂ ಸಿಕ್ಕೀತು.
ಪೂರ್ತಿ ಬಲಕ್ಕೆ ಹೋದರೂ ಖಂಡಿತ ಎಂಬ ಮಾತಿಲ್ಲ.

ಏಲಂ ನನಗೆ ಹೊಸತಲ್ಲ.
ಅಪ್ಪ ಮಂಜೇಶ್ವರದ ಬಂದರಿನಲ್ಲಿ ಮೀನು ಕೂಗುತ್ತಿದ್ದವರು.
ಬುಟ್ಟಿ ಮಗುಚುವ ಮೊದಲೇ ಗಂಟಲು ಏಳುತ್ತಿತ್ತು:
ಒರು ತರಂ, ರಂಡು ತರಂ,
ಮಂಗಳೂರಿನವರು ನಿಂತಿದ್ದರೆ ಒಂದ್ಸಲ, ಎರಡ್ಸಲ.
ಬಾಯಿಬಿಟ್ಟು ಬೆಲೆ ಹೇಳುವವರು ಕಮ್ಮಿ.
ಒಬ್ಬ ಬೀಡಿಯನ್ನು ಈ ಮೂಲೆಯಿಂದ ಆ ಮೂಲೆಗೆ ದಾಟಿಸುತ್ತಿದ್ದ,
ಒಬ್ಬಳು ಸೆರಗಿನ ಗಂಟು ಮುಟ್ಟಿ ನೋಡುತ್ತಿದ್ದಳು.
ಅಪ್ಪ ಅದನ್ನೇ ಓದುತ್ತಿದ್ದರು.

ಅವರಿಗೇ ಫೋನ್ ಮಾಡಿದೆ.
"ಎದುರು ಕೂಗುವವ ಯಾರು?"
ಗೊತ್ತಿಲ್ಲ.
"ಎಷ್ಟು ಜನ?"
ಹೇಳುವುದಿಲ್ಲ.
"ಸೀಟು ಎಷ್ಟುಂಟು?"
ಅದೂ.
ಅಪ್ಪ ಸ್ವಲ್ಪ ಹೊತ್ತು ಕೆಮ್ಮಿದರು.
"ಮೋರೆ ಕಾಣದ ಮೇಲೆ ಅದೆಂತ ಏಲಂ ಮಾರಾಯ್ತಿ,
ಆ ಮನುಷ್ಯ ತನ್ನ ಸೊಂಟದ ಎದುರೇ ಕೂಗುವುದು.
ಹಾಕುವುದಾದರೆ ಸಪಾಟು ಲೆಕ್ಕ ಹಾಕಬೇಡ.
ಹದಿನೆಂಟರಲ್ಲಿ ನಿಲ್ಲುವವರು ಹತ್ತು ಜನ,
ಅದರ ಮೇಲೆ ಹತ್ತು ರೂಪಾಯಿ ಇಟ್ಟವನಿಗೆ ಬಂಗುಡೆ."

ಆದರೆ ಗುಂಡಿಗೆ ಹತ್ತು ರೂಪಾಯಿ ಗೊತ್ತಿಲ್ಲ,
ಐನೂರರಿಂದ ಐನೂರಕ್ಕೆ ಹಾರುತ್ತದೆ.

ಹದಿನೆಂಟೂವರೆ ಸಾವಿರ ಎಂದರೆ
ಮಗಳ ಮನೆಗೆ ಮೂರು ಕಿಟಕಿ, ಮಮ್ಮುಂಞಿಕ್ಕ ಲೆಕ್ಕ ಹಾಕಿದರು.
ನಾಲ್ಕು ಗಂಟೆಯ ದಾರಿಗೆ ಮೂರು ಕಿಟಕಿ.
ಬಲಕ್ಕೆ ಎಳೆದರು, ಎಡಕ್ಕೆ ತಂದರು, ಪುನಃ ಬಲಕ್ಕೆ.
ಒಲೆಯ ಬಿಸಿಗೆ ಗೆರೆ ಸವೆದ ಹೆಬ್ಬೆರಳು
ಮೊಬೈಲಿಗೆ ಕೆಲವು ಸಲ ಗೊತ್ತೇ ಆಗಲಿಲ್ಲ.
ಕೊನೆಗೆ ನಾನು ಒತ್ತಿದೆ.

ಹೊರಡುವ ಹಿಂದಿನ ರಾತ್ರಿ ಉತ್ತರ ಬಂತು:
ವಿಷಾದಿಸುತ್ತೇವೆ. ನಿಮ್ಮ ದುಡ್ಡು ಮುಟ್ಟಿಲ್ಲ.

ಮೂರು ದಿನ ಬಿಟ್ಟು ಅವರ ವಾಯ್ಸ್:
"ಕರಿಪ್ಪೂರಿನಲ್ಲಿ ಮುಂದಿನ ಬಾಗಿಲಲ್ಲೇ ಹತ್ತಿಸಿದರು ಮಗಳೇ,
ಆ ಸೀಟುಗಳ ನಡುವಿನಿಂದಲೇ ನಡೆಸಿದರು.
ಇಳಿಯುವಾಗಲೂ ನೋಡಿದೆ, ಐದು ಖಾಲಿ.
ಮಡಚಿಟ್ಟ ಕಂಬಳಿ ಮಡಚಿದ ಹಾಗೇ ಇತ್ತು.
ನಾನು ಮೂವತ್ತೊಂದರಲ್ಲಿ. ಕೂತದ್ದಕ್ಕಿಂತ ನಿಂತದ್ದೇ ಜಾಸ್ತಿ."

ಅಪ್ಪನಿಗೆ ಕೇಳಿಸಿದೆ, ಊಟದ ಹೊತ್ತಿಗೆ.
"ಬಿಸಿಲು ಏರಿದ ಮೇಲೆ ಉಳಿದ ಬೂತಾಯಿಯನ್ನು
ವಾಪಸು ನೀರಿಗೆ ಎಸೆದದ್ದುಂಟಾ ನಾನು?
ಅಂಚಿನಲ್ಲಿ ನಿಂತ ಮುದುಕಿಯ ತಟ್ಟೆಗೆ ಸುರಿದು ಏಳುವುದು.
ಬಾಗಿಲು ಹಾಕಿದ ಕೂಡಲೇ ಸೀಟೂ ಕೊಳೆಯುವುದಲ್ಲವಾ?"

ಹಾಗೆ ಸುರಿದರೆ ನಾಳೆ ಯಾರೂ ಕೂಗುವುದಿಲ್ಲ ಅಪ್ಪ, ಎಂದೆ.
ಕಣ್ಣೂರಿನ ಆರು ತಿಂಗಳ ಕೋರ್ಸಿನಲ್ಲಿ ಕಲಿತದ್ದು.
ಅವರು ಮುಳ್ಳು ಬಿಡಿಸುತ್ತಾ ಇದ್ದರು.
"ಆ ಮುದುಕಿ ಮರುದಿನ ದುಡ್ಡು ತಂದದ್ದೂ ಉಂಟು.
ತಾರದೆ ಇದ್ದದ್ದೂ ಉಂಟು."

ನಿನ್ನೆ ಮತ್ತೊಂದು ಮೇಲ್, ಇಕ್ಕನ ಹಿಂದಿರುಗುವ ದಾರಿಗೆ.
ಅವರಿಗಿನ್ನೂ ಹೇಳಿಲ್ಲ.
ಗುಂಡು ಗೆರೆಯ ನಡುವಿನಲ್ಲಿದೆ, ಹಳದಿ.
ಶಟರ್ ಎಳೆಯುವ ಮೊದಲು, ಯಾರೂ ಇಲ್ಲದ ಮಾಳಿಗೆಯಲ್ಲಿ,
ನನ್ನ ಗಂಟಲಿಗೆ ಅಪ್ಪನದು ಬಂತು:
ಒರು ತರಂ.